ಸೇಸಮ್ಮ ಬಸದಿ ನೋಡಿದ್ದು

ಬಸ್ಸಿನಿಂದ ಇಳಿದ ಸೇಸಮ್ಮ ಮಗ ಉಜ್ವಲನ ಸುದ್ದಿಯನ್ನೇ ಎತ್ತಲಿಲ್ಲ. "ಮಗಾ, ಚಾ ಕುಡಿದೆಯಾ?" ಎಂದರು.

ಕರೆದೊಯ್ಯಲು ಬಂದಿದ್ದ ಮಗನ ಗೆಳೆಯ ಮನ್ವಿತ್ ತಡಬಡಾಯಿಸಿದ. ಬಾಯಿಪಾಠ ಮಾಡಿಟ್ಟುಕೊಂಡಿದ್ದ ಸುಳ್ಳನ್ನು ಅವರು ಕೇಳದಿದ್ದರೂ ಒದರಿದ. "ಉಜ್ವಲ್‌ಗೆ ಪರೀಕ್ಷೆ ಉಂಟಮ್ಮ. ಮುಗಿಯುವಾಗ ಮಧ್ಯಾಹ್ನ ಆಗ್ತದೆ. ಅಷ್ಟರವರೆಗೆ ನಾವು ಬಸದಿ ನೋಡುವ."

ಉಜ್ವಲ್ ನಸುಕಿನಲ್ಲೇ ತೀರಿಕೊಂಡಿದ್ದ. ಇಬ್ಬರದೂ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಸೂರ್ಯೋದಯ ನೋಡಲೆಂದು ಕೊಣಾಜೆಕಲ್ಲು ಗುಡ್ಡಕ್ಕೆ ಹೊರಟಿದ್ದರು. ಬೈಕ್ ಓಡಿಸುತ್ತಿದ್ದವನು ಮನ್ವಿತ್. ತಿರುವಿನಲ್ಲಿ ಚಕ್ರ ಜಾರಿತು. ಅವನಿಗೆ ಮೊಣಕೈ ತರಚಿತು, ಅಷ್ಟೇ.

ಉಜ್ವಲನ ಸೋದರಮಾವ ಸುಬ್ಬಪ್ಪನಿಗೆ ಫೋನ್ ಮಾಡಿ ಹೇಳಿದವನೂ ಅವನೇ. "ನಾನು ಯಾಕೆ ಉಳಿದೆ ಮಾವ? ನನಗೆ ಬದುಕುವುದು ಬೇಡ" ಎಂದು ಅತ್ತಿದ್ದ. ಸ್ವಲ್ಪ ಹೊತ್ತಿಗೆ ಸುಬ್ಬಪ್ಪ ತಿರುಗಿ ಫೋನ್ ಮಾಡಿದ. "ಅಕ್ಕನಿಗೆ ಏನೂ ಗೊತ್ತಿಲ್ಲ. ಮಗನನ್ನು ನೋಡ್ಲಿಕ್ಕೆ ಅಂತ ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿದ್ದಾಳೆ. ನಾನೇ ಬಂದು ಹೇಳ್ತೇನೆ. ಅಷ್ಟರವರೆಗೆ ಅವಳನ್ನು ಒಬ್ಬಳೇ ಬಿಡಬೇಡ ಮಾರಾಯ."

ಸಾವಿರ ಕಂಬದ ಬಸದಿಯ ಹೊರಗೆ ಚಪ್ಪಲಿ ಬಿಟ್ಟರು. ಮೊಣಕಾಲು ನೋವೆಂದು ಸೇಸಮ್ಮ ಅವನ ತೋಳು ಹಿಡಿದುಕೊಂಡರು. ಅಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಅವರು ಒಂದೊಂದರ ಮುಂದೆಯೂ ನಿಂತರು. ಜಗಲಿಯ ಕಲ್ಲಿನಲ್ಲಿ ಕೆತ್ತಿದ ಉದ್ದ ಕತ್ತಿನ ಪ್ರಾಣಿಯನ್ನು ಕಂಡು, "ಇದೆಂಥದ್ದು?" ಎಂದರು.

"ಜಿರಾಫೆ ಅಮ್ಮ."

"ಹೌದು. ಉಜ್ವಲ್ ಹೇಳ್ತಿದ್ದ."

ಮನ್ವಿತ್ ಮುಖ ತಿರುಗಿಸಿದ. ನೀರು ತರುತ್ತೇನೆಂದು ಹೊರಟ. ಅವರೂ ಹಿಂದೆಯೇ ಬಂದರು.

"ಗೌರಿಕೆರೆಯ ದಡದಲ್ಲಿ ಕೂತುಕೊಳ್ಳುವ ಅಮ್ಮ."

"ಕೆರೆ ಬೇಡ!" ಆ ಗಡಸು ದನಿಗೆ ಅವನು ಬೆಚ್ಚಿದ. ಸೇಸಮ್ಮ ತಗ್ಗಿದ ದನಿಯಲ್ಲಿ, "ಇಲ್ಲಿಯೇ ತಂಪುಂಟು ಮಗಾ" ಎಂದರು.

ಕಾಲೇಜು ಹುಡುಗರ ಗುಂಪೊಂದು ನಗುತ್ತ ಸೆಲ್ಫಿ ತೆಗೆಯುತ್ತಿತ್ತು. ಸೇಸಮ್ಮ ಕಂಬವೊಂದಕ್ಕೆ ಹಣೆ ಆನಿಸಿ ಬಹಳ ಹೊತ್ತು ನಿಂತರು. ಮಗನ ಪರೀಕ್ಷೆಗೆ ಬೇಡಿಕೊಳ್ಳುತ್ತಿದ್ದಾರೆ ಎಂದುಕೊಂಡ ಮನ್ವಿತ್. ಸುಬ್ಬಪ್ಪ ಬಂದು ಹೇಳಿದ ಕ್ಷಣ ಈ ಹೆಂಗಸು ತನ್ನನ್ನು ಹೇಗೆ ನೋಡಬಹುದು? ಆ ನೋಟ ಎದುರಿಸಿ ಬದುಕಲು ತನ್ನಿಂದಾಗದು. ಎಲ್ಲ ಅವರಿಗೆ ಹೇಳಿಬಿಟ್ಟು, ಯಾರಿಗೂ ಕಾಣದಂತೆ ಹೊರಟುಬಿಡಬೇಕು. ಮತ್ತೆ ತಾನಿರಬಾರದು.

ತಡೆಯಲಾಗಲಿಲ್ಲ. "ಅಮ್ಮ, ಪರೀಕ್ಷೆ ಅಲ್ಲ..."

"ಮತ್ತೆ ಹೇಳುವಿಯಂತೆ." ಸೇಸಮ್ಮ ಚೀಲದಿಂದ ಬಾಳೆಲೆಯ ಕಟ್ಟು ಬಿಚ್ಚಿದರು. ಒಳಗೆ ತಣ್ಣಗಾದ ಕಡುಬು. "ಮೊದಲು ತಿನ್ನು. ಬೆಳಗ್ಗಿನಿಂದ ಹೊಟ್ಟೆಗೇನೂ ಹಾಕಲಿಲ್ಲ ನೀನು."

ಅವರೇ ಮುರಿದು ಬಾಯಿಗಿಟ್ಟರು. ಅವನು ಅಳುತ್ತ ನುಂಗಿದ. ಯಾಕೆ ಅಳುತ್ತೀ ಎಂದು ಅವರು ಕೇಳಲಿಲ್ಲ.

ಬಸದಿಯ ಎದುರು ಜೀಪು ನಿಂತಿತು. ಸುಬ್ಬಪ್ಪ ಇಳಿದ. ಮನ್ವಿತ್ ಹಿಂದಕ್ಕೆ ಸರಿದ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು, ಮಾಣಿ ಊರಿನ ಮನೆಯಲ್ಲಿರಬೇಕಿದ್ದ ಅವನ ತಾಯಿ ಕಾಂತಿ ಬರಿಗಾಲಲ್ಲಿ ಓಡಿಬಂದು ಅವನನ್ನು ತಬ್ಬಿಕೊಂಡಳು.

ಸುಬ್ಬಪ್ಪ ಸೇಸಮ್ಮನ ಹೆಗಲು ಬಳಸಿ ಹೇಳಿದ: "ಅಕ್ಕಾ, ನೀನು ಬೆಳಗ್ಗೆ ಹೇಳಿದ ಹಾಗೆ ಇವನ ಅಮ್ಮನನ್ನು ಕರ್ಕೊಂಡು ಬಂದೆ. ಇವನನ್ನು ಇನ್ನು ಅವರು ನೋಡಿಕೊಳ್ತಾರೆ. ಬಾ, ನಾವು ಉಜ್ವಲನ ಹೆಣದ ಹತ್ರ ಹೋಗುವ."