ಒಂದೇ ಬಟನ್

“ಒಂದು ಫೋಟೋ ಹಿಡ್ಕೊಂಡು ಎಷ್ಟು ಹೊತ್ತು ಕೂರ್ತೀಯೇ? ಮದುವೆ ಹುಡುಗಿ ಅಮ್ಮ ಫೋನ್ ಮಾಡಿ ಮಾಡಿ ನನ್ನ ತಲೆ ತಿಂತಿದಾರೆ!” ಸ್ಟುಡಿಯೋದಲ್ಲಿ ಗಂಡ ಕೂಗಾಡಿದ.

“ಒಂದೊಂದನ್ನೂ ನೋಡಿ ಬಣ್ಣ ಸರಿ ಮಾಡ್ಬೇಕು ರೀ. ನಿಮ್ಮ ಹೊಸ ಸಾಫ್ಟ್‌ವೇರ್‌ಗೆ ಏನು ಗೊತ್ತಾಗತ್ತೆ?”

“ನಿನ್ನ ಕ್ವಾಲಿಟಿಗೆ ಬೆಂಕಿ ಹಾಕ! ಏಳೇ ಮೇಲೆ!”

ಹೆಂಡತಿಯನ್ನು ಎಬ್ಬಿಸಿ, ತಾನೇ ಕುಳಿತು ಒಂದು ಬಟನ್ ಒತ್ತಿದ. ಲೋಟದ ಕಾಫಿ ಆರುವುದರೊಳಗೆ ಅಷ್ಟೂ ಫೋಟೋಗಳು ಮುಗಿದವು.

“ನೋಡು, ಛತ್ರದ ಲೈಟಿನ ಹಳದಿ ಒಂಚೂರೂ ಉಳಿದಿಲ್ಲ. ಎಲ್ಲರ ಮುಖಾನೂ ಹಾಲಿನ ಹಾಗೆ ಬೆಳ್ಳಗಿದೆ!”

ಹೆಂಡತಿ ಪರದೆಯತ್ತ ಬಾಗಿ ನೋಡುವಷ್ಟರಲ್ಲಿ ಅವನು ಎಲ್ಲವನ್ನೂ ಕಳಿಸಿಬಿಟ್ಟ.

ಕೂಡಲೇ ಫೋನ್ ಬಂತು. ಹುಡುಗಿಯ ತಾಯಿ ಕಿರುಚುತ್ತಿದ್ದರು.

“ಅರಿಶಿನ ಶಾಸ್ತ್ರದ ಫೋಟೋದಲ್ಲಿ ಅರಿಶಿನ ಎಲ್ರೀ?”