ಹೊರಡುವಾಗ ಕೇಳಬಾರದ ಮಾತು

ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ.

ಅಂದು ಉರಿಬಿಸಿಲಿನಲ್ಲಿ ಪೆಟ್ರೋಲ್ ಹಾಕಿಸಿ ಅಪ್ಪ, ನಾನೂ ಅಮ್ಮನೂ ಕೂತಿದ್ದ ಕಾರು ಹತ್ತಿದರು. ಎಲ್ಲಿಗೆ ಹೊರಟಿದ್ದೇವೆಂದು ಅವರು ಹೇಳಿರಲಿಲ್ಲ. “ಈಗ ಎಲ್ಲಿಗೆ?” ಎಂದು ಅಮ್ಮ ಕೇಳಿದಳು. ಕಾರು ಸ್ಟಾರ್ಟ್ ಆಗಲಿಲ್ಲ.

“ಹೊರಡೋವಾಗ ಎಲ್ಲಿಗೆ ಅಂತ ಕೇಳ್ತಾರೇನೇ, ಅನಿಷ್ಟ! ಇಳಿ ಕೆಳಗೆ!”

ಜಯನಗರದ ಸಾಲುಮರಗಳು ಆಗಿನ್ನೂ ನನ್ನೆತ್ತರದ ಗಿಡಗಳು. ಆ ನೆರಳಿಲ್ಲದ ರಸ್ತೆಯಲ್ಲಿ ಅಮ್ಮ ಮನೆಯ ಕಡೆ ನಡೆದಳು.

ಅಪ್ಪ ಬಾನೆಟ್ ಎತ್ತಿ, ಕೆಂಡದಂತೆ ಕಾದಿದ್ದ ಪೆಟ್ರೋಲ್ ಪೈಪು ಮುಟ್ಟಿ ಬೆರಳು ಸುಟ್ಟುಕೊಂಡರು. ಅದಕ್ಕೂ ಅಮ್ಮನನ್ನೇ ಬೈದರು. ಪೈಪು ತಣ್ಣಗಾದ ಮೇಲೆ ಕಾರು ಸ್ಟಾರ್ಟ್ ಆಯಿತು.

“ನೋಡಿದ್ಯಾ, ಅವಳು ಇಳಿದಿದ್ದೇ ಸರಿಹೋಯ್ತು,” ಎಂದರು ನನಗೆ.

ದಾರಿಯಲ್ಲಿ ಅಮ್ಮನ ಪಕ್ಕ ಕಾರು ನಿಲ್ಲಿಸಿ, “ಹತ್ತು” ಎಂದರು.

ಅಮ್ಮ ಬಾಗಿಲಿಗೆ ಕೈ ಹಾಕಲಿಲ್ಲ. ಅಪ್ಪನ ಮುಖವನ್ನೇ ದಿಟ್ಟಿಸಿ ಕೇಳಿದಳು:

“ಎಲ್ಲಿಗೆ?”