ಏಳನೆಯ ಅಧ್ಯಾಯ

“ಏಳನೇ ಅಧ್ಯಾಯ ಭಾಳ ಸಪ್ಪಗೈತಿ. ಹೊಸಬರಿಗೆ ಆದೀತು, ನಮ್ಮಂಥಾ ಹಳೇ ಹುಲಿಗೋಳಿಗೆ ಅಲ್ಲ,” ಎಂದು ಅಬ್ರಾರ, ಅನುಭವಿಗಳಿಗೆಂದೇ ಬರೆದ ಆ ಪ್ರೋಗ್ರಾಮಿಂಗ್ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದ. ಗದಗದ ಆ ಸಾಫ್ಟ್‌ವೇರ್ ಕಚೇರಿಯಲ್ಲಿ ಅವನು ಓದಿ ಒಪ್ಪಿದ ಹೊರತು ಯಾವ ಪುಸ್ತಕವೂ ಕಪಾಟು ಸೇರುತ್ತಿರಲಿಲ್ಲ. ಇದು ಬೇಕೆಂದು ಕೇಳಿದ್ದ ಅಮೀರಾ ಏಳನೆಯ ಅಧ್ಯಾಯ ಬಿಡಿಸಲು ಹೋದಳು.

ಬಿಡಿಸಲಾಗಲಿಲ್ಲ. ಮುದ್ರಣದವರು ಕತ್ತರಿಸಲು ಮರೆತಿದ್ದ ಹಾಳೆಗಳು ತುದಿಯಲ್ಲಿ ಇನ್ನೂ ಕೂಡಿಕೊಂಡೇ ಇದ್ದವು. ಅವಳು ಸ್ಕೇಲು ತೆಗೆದುಕೊಂಡು ಒಂದೊಂದನ್ನೇ ಸೀಳಿದಳು. ಆ ಪರಪರ ಸದ್ದಿಗೆ ಮೇಜಿನ ಸುತ್ತ ಕೂತಿದ್ದ ಉಳಿದವರೆಲ್ಲ ತಂತಮ್ಮ ಚಹಾದ ಕಪ್ಪಿನಲ್ಲಿ ಏನನ್ನೋ ಹುಡುಕತೊಡಗಿದರು.

“ಹುಲಿಗೆ ದಾರಿ ಮಾಡೇನಿ, ಭಾಯ್. ಈಗ ಒಳಗ ಹೋಗ್ರಿ,” ಎಂದು ಪುಸ್ತಕ ಮುಂದೆ ಹಿಡಿದಳು.

ಅಬ್ರಾರ ತಲೆಯೆತ್ತದೆ ಇಸಿದುಕೊಂಡ. ಅವನ ಕೈಯಲ್ಲಿ ಅದು ತಾನಾಗಿಯೇ ಪರಿವಿಡಿಯ ಪುಟಕ್ಕೆ ತೆರೆದುಕೊಂಡಿತು.